ಸ್ಟೂಲ್ ಮೇಲೆ ಚಕ್ರ ತಿರುಗಿತು ಅಂತ ನಂಬಿ ಸ್ಪರ್ಧೆಗೆ ಹೋಗಬೇಡಿ

ಗಂಗಾವತಿಯ ನಾವು ಆರು ಜನ ಡಿಪ್ಲೊಮಾ ಓದುವವರು ಸೇರಿ ಒಂದು ರೋಬೋ ಮಾಡಿ, ಫೆಬ್ರುವರಿಯಲ್ಲಿ ಹುಬ್ಬಳ್ಳಿಗೆ ಸ್ಪರ್ಧೆಗೆ ಹೋಗಿದ್ದೆವು. ಮೊದಲ ಸುತ್ತಿನಲ್ಲೇ, ಎರಡು ನಿಮಿಷ ಆಗುವುದರೊಳಗೆ ಅದು ನಿಂತುಹೋಯಿತು. ವಸ್ತು ಹಿಡಿಯುವ ಕೈ ಸರಿ ಇತ್ತು, ಸೆನ್ಸರ್ ಸರಿ ಇತ್ತು, ಕೋಡ್ ಕೂಡ ಸರಿ ಇತ್ತು. ಕೈಕೊಟ್ಟಿದ್ದು ಓಡುವ ಭಾಗ ಮಾತ್ರ, ಅಂದರೆ ಮೋಟರ್, ಶಾಫ್ಟ್, ಚಕ್ರ. ಈ ವರ್ಷ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಯಾರಾದರೂ ಮೊದಲ ಸಲ ಹೊರಟಿದ್ದರೆ ದಯವಿಟ್ಟು ಪೂರ್ತಿ ಓದಿ. ನಮ್ಮ ನಾಲ್ಕು ತಿಂಗಳು ಹೋಯಿತು, ನಿಮ್ಮದು ಹೋಗುವುದು ಬೇಡ.

ಮೋಟರ್ ಬಂದ ದಿನ ಚೌಕಟ್ಟನ್ನು ಸ್ಟೂಲ್ ಮೇಲಿಟ್ಟು ನಾಲ್ಕೂ ಚಕ್ರ ತಿರುಗಿಸಿ ನೋಡಿದೆವು. ಗಾಳಿಯಲ್ಲಿ ಜೋರಾಗಿ ತಿರುಗಿದವು, ಎಲ್ಲರೂ ಖುಷಿಪಟ್ಟೆವು. ಆಮೇಲೆ ಕಾಲೇಜಿನ ವರಾಂಡದಲ್ಲಿ ಒಂದೆರಡು ಸಲ ಓಡಿಸಿದೆವು. ಅಲ್ಲಿ ಹಾಸಿರುವುದು ಶಹಾಬಾದ್ ಕಲ್ಲು, ತುಳಿದು ತುಳಿದು ನುಣ್ಣಗಾಗಿದೆ. ಅದೂ ಕೈ ಕೂಡಿಸುವ ಮೊದಲು, ಬರೀ ಚೌಕಟ್ಟು ಓಡಿಸಿದ್ದು. ಸ್ಪರ್ಧೆಯಲ್ಲಿ ಹಾಸಿದ್ದು ರಬ್ಬರ್ ಮ್ಯಾಟ್. ನೇರ ಹೋಗುವಾಗ ಏನೂ ತೊಂದರೆ ಕಾಣಲಿಲ್ಲ. ತಿರುಗು ಅಂದ ಕೂಡಲೇ ಇಡೀ ರೋಬೋ ನಡುಗಿ ಕುಪ್ಪಳಿಸಲು ಶುರು ಮಾಡಿತು, ಮೂರನೇ ತಿರುವಿಗೆ, ಮೋಟರ್‌ಗಳಿಗೆ ಕರೆಂಟ್ ಕೊಡುವ ಬೋರ್ಡ್ ಆದ ಮೋಟರ್ ಡ್ರೈವರ್‌ನಿಂದ ಹೊಗೆ ಬಂತು.

ಯಾಕೆ ಹಾಗಾಯಿತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆವು, ಮೊದಲೇ ಹಾಕಬೇಕಿತ್ತು. ನಾವು ಅಂದುಕೊಂಡ ತೂಕ 14 ಕೆಜಿ. ಅಕ್ಕಿ ಅಂಗಡಿಯ ತೂಕದ ಯಂತ್ರದ ಮೇಲೆ ಇಟ್ಟಾಗ 22 ಕೆಜಿ ಬಂತು! ಬ್ಯಾಟರಿ, ಕೈ, ಬೋಲ್ಟು ಅಂತ ಒಂದೊಂದೇ ಸೇರುತ್ತಾ ಹೋಗಿತ್ತು, ಯಾರೂ ತೂಗಿ ನೋಡಿರಲಿಲ್ಲ. ರಬ್ಬರ್ ಚಕ್ರಕ್ಕೆ ಮ್ಯಾಟ್ ಮೇಲೆ ಹಿಡಿತ 0.7, ಅಂದರೆ ತೂಕದ ನೂರಕ್ಕೆ ಎಪ್ಪತ್ತರಷ್ಟು, ಅಂತ ಇಟ್ಟುಕೊಳ್ಳಿ. ನಿಂತಲ್ಲೇ ತಿರುಗಲು ಚಕ್ರಗಳು ಜಾರಲೇಬೇಕು, 22 ಕೆಜಿಗೆ ಹಾಗೆ ಜಾರಬೇಕಾದರೆ ಸುಮಾರು 15 ಕೆಜಿಯಷ್ಟು ತಳ್ಳುವ ಬಲ ಬೇಕು. ನಮ್ಮ ಚಕ್ರ 10 ಸೆಂಟಿಮೀಟರಿನದು, ಅಂದರೆ ನಡುವಿನಿಂದ ಅಂಚಿಗೆ 5 ಸೆಂಟಿಮೀಟರ್. ಬಲವನ್ನು ನಾಲ್ಕು ಮೋಟರ್‌ಗೆ ಹಂಚಿ ಈ 5ರಿಂದ ಗುಣಿಸಿದರೆ, ಒಂದೊಂದು ಮೋಟರ್‌ಗೆ ಹತ್ತಿರ ಹತ್ತಿರ 19 ಕೆಜಿ-ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೀಳುತ್ತದೆ.

ಮೋಟರ್ ಮಾರುವವರು 300 ಆರ್‌ಪಿಎಂ (ನಿಮಿಷಕ್ಕೆ 300 ಸುತ್ತು), 35 ಕೆಜಿ-ಸೆಂಟಿಮೀಟರ್ ಅಂತ ಬರೆದಿದ್ದರು, ಸಾಕಷ್ಟಾಯಿತು ಅಂದುಕೊಂಡೆವು. ಅದು ಸ್ಟಾಲ್ ಟಾರ್ಕ್. ಶಾಫ್ಟನ್ನು ಪೂರ್ತಿ ತಡೆದು ನಿಲ್ಲಿಸಿದಾಗ ಬರುವ ಬಲ, ಆಗ ಮೋಟರ್ ತಿರುಗುವುದೇ ಇಲ್ಲ, ಸುಮ್ನೆ ಬಿಸಿಯಾಗುತ್ತದೆ. ಬಿಡದೆ ಓಡಬೇಕಾದರೆ ಅದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ನಂಬಬೇಕು. ಸ್ಟಾಲ್ ಆದಾಗ 7.5 ಆಂಪಿಯರ್ ಎಳೆಯುವ ಮೋಟರ್ 19ಕ್ಕೆ ಬಂದಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ನಾವು ಹಾಕಿದ್ದು ಎಲ್298ಎನ್ ಡ್ರೈವರ್, ಅದರ ಒಂದು ಚಾನೆಲ್ ತಡೆಯುವುದು 2 ಆಂಪಿಯರ್. ಆ ಒಂದೇ ಚಾನೆಲ್‌ಗೆ ಒಂದು ಕಡೆಯ ಎರಡೂ ಮೋಟರ್ ಜೋಡಿಸಿದ್ದೆವು. 8 ಆಂಪಿಯರ್ ಆಯಿತಲ್ವಾ, ಸುಡದೆ ಇನ್ನೇನಾಗುತ್ತದೆ? ಅಂಗಡಿಯವರನ್ನು ಕೇಳಿದರೆ ಸುಟ್ಟ ಮಾಲು ವಾಪಸ್ ತಗೊಳ್ಳಲ್ಲ ಅಂದರು.

ಕುಪ್ಪಳಿಸಿದ್ದಕ್ಕೆ ಕಾರಣ ಬೇರೆ. ನಮ್ಮ ರೋಬೋ ಉದ್ದ ಜಾಸ್ತಿ, ಅಗಲ ಕಡಿಮೆ: ಹಿಂದಿನ ಚಕ್ರದಿಂದ ಮುಂದಿನದಕ್ಕೆ 52 ಸೆಂಟಿಮೀಟರ್, ಎಡದಿಂದ ಬಲಕ್ಕೆ 34. ಹಿಡಿತವಿರುವ ನಾಲ್ಕು ಚಕ್ರದ ಗಾಡಿ ನಿಂತಲ್ಲೇ ತಿರುಗಬೇಕಾದರೆ ಎಲ್ಲ ಚಕ್ರಗಳೂ ಅಡ್ಡಕ್ಕೆ ಉಜ್ಜಿಕೊಂಡು ಸರಿಯಬೇಕು. ಉದ್ದ ಹೆಚ್ಚಾದಷ್ಟೂ ಉಜ್ಜಾಟ ಹೆಚ್ಚು. ನುಣ್ಣನೆಯ ಕಲ್ಲಿನ ಮೇಲೆ ಅದು ಗೊತ್ತಾಗಲೇ ಇಲ್ಲ.

ಇದೆಲ್ಲಕ್ಕಿಂತ ನನಗೆ ಇವತ್ತಿಗೂ ಬೇಜಾರಾಗುವುದು ಶಾಫ್ಟ್ ವಿಷಯ. ಚಕ್ರವನ್ನು ನೇರವಾಗಿ ಮೋಟರ್‌ನ 6 ಮಿಲಿಮೀಟರ್ ಶಾಫ್ಟಿಗೇ ಸಿಕ್ಕಿಸಿ, ತಲೆ ಇಲ್ಲದ ಸಣ್ಣ ಗ್ರಬ್ ಸ್ಕ್ರೂ ಬಿಗಿದಿದ್ದೆವು. ಸ್ಪರ್ಧೆಯ ಹಿಂದಿನ ಸಂಜೆ ಬಲಗಡೆಯ ಒಂದು ಚಕ್ರ ಸ್ವಲ್ಪ ಓರೆ ಕಂಡಿತು. ಸ್ಕ್ರೂ ಸಡಿಲ ಆಗಿರಬೇಕು ಅಂತ ಮತ್ತೆ ಬಿಗಿದು ಮಲಗಿದೆವು. ಶಾಫ್ಟೇ ಬಾಗಿತ್ತು. ಆ ಸಂಜೆ ಬಿಚ್ಚಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ವಾಪಸ್ ಬಂದ ಮೇಲೆ ರೋಬೋವನ್ನು ನಮ್ಮೂರಿನ ಒಂದು ಲೇತ್ ಅಂಗಡಿಗೆ ಒಯ್ದೆವು. ಅಲ್ಲಿನ ಕಾಕಾ ವರ್ಷಗಟ್ಟಲೆ ಅಕ್ಕಿ ಗಿರಣಿ ಕೆಲಸ ಮಾಡಿದವರು. ರೋಬೋ ಅಂದರೆ ಏನು ಅಂತಲೂ ಕೇಳಲಿಲ್ಲ, ಚಕ್ರ ಹಿಡಿದು ಅಲುಗಾಡಿಸಿ ನೋಡಿದರು. "ತಮ್ಮಾ, ತೂಕ ಎಲ್ಲಾ ಮೋಟರ್ ಶಾಫ್ಟಿನ ಮ್ಯಾಲ ಹಾಕೀರಿ, ಅದು ತಿರುಗ್ಲಿಕ್ಕ ಇರೋದು, ಹೊರ್ಲಿಕ್ಕ ಅಲ್ಲ. ಗಿರಣ್ಯಾಗ ಒಂದರ ಹಿಂಗ ಕೂಡ್ಸಿದ್ದು ನೋಡೀರೇನು?" ಅಂದರು. ಗಿರಣಿಯಲ್ಲಿ ಶಾಫ್ಟಿನ ಎರಡೂ ಕಡೆ ಪ್ಲಮ್ಮರ್ ಬ್ಲಾಕ್, ಅಂದರೆ ಶಾಫ್ಟಿನ ಭಾರ ಹೊರುವ ಬೇರಿಂಗ್ ಗೂಡು, ಇರುತ್ತದೆ, ನಾವು ಚಿಕ್ಕಂದಿನಿಂದ ನೋಡಿದ್ದೇ.

ಅವರು ಹೇಳಿದ ಹಾಗೆ ಚಕ್ರಕ್ಕೆ ಬೇರೆಯೇ 12 ಮಿಲಿಮೀಟರ್ ಶಾಫ್ಟ್ ಹಾಕಿ, ಚಕ್ರದ ಎರಡೂ ಕಡೆ 6001 ಬೇರಿಂಗ್ ಕೂಡಿಸಿದೆವು. ಗ್ರಬ್ ಸ್ಕ್ರೂ ಬದಲು ಕೀ-ವೇ, ಅಂದರೆ ಚಕ್ರ ಜಾರದಂತೆ ಲೋಹದ ಕೀಲು ಕೂರುವ ಗಾಡಿ, ಹೊಡೆಸಿದೆವು. ಮೋಟರ್‌ನಿಂದ ಚೈನ್ ಕೊಟ್ಟೆವು, 15 ಹಲ್ಲಿನ ಸ್ಪ್ರಾಕೆಟ್‌ನಿಂದ 30 ಹಲ್ಲಿನದಕ್ಕೆ. ವೇಗ ಅರ್ಧ ಆಯಿತು, ಸೆಕೆಂಡಿಗೆ ಮುಕ್ಕಾಲು ಮೀಟರ್ ಚಿಲ್ಲರೆ. ಆದರೆ ಮೋಟರ್ ಮೇಲಿನ ಭಾರವೂ ಅರ್ಧ ಆಯಿತು. ಸಣ್ಣ ಕಣಕ್ಕೆ ಈ ವೇಗ ಧಾರಾಳ ಸಾಕು. ಚೈನ್ ಎಳೆತ ಮೋಟರ್ ಶಾಫ್ಟನ್ನೂ ಬಾಗಿಸಲು ನೋಡುತ್ತದೆ, ಆದ್ದರಿಂದ ಸಣ್ಣ ಸ್ಪ್ರಾಕೆಟ್ ಗೇರ್‌ಬಾಕ್ಸ್‌ಗೆ ಆದಷ್ಟು ಅಂಟಿಕೊಂಡ ಹಾಗೆ ಇರಲಿ. ಮೋಟರ್ ಕೂರುವ ತೂತು ಉದ್ದಕ್ಕೆ ಕೊರೆಸಿ, ಚೈನ್ ಸಡಿಲಾದಾಗ ಸರಿಸಿ ಬಿಗಿಯಬಹುದು. ಮುಂದಿನ ಎರಡು ಚಕ್ರ ತೆಗೆದು, ಅಂಚಿನಲ್ಲಿ ಸಣ್ಣ ರೋಲರ್ ಇದ್ದು ಅಡ್ಡಕ್ಕೂ ಸರಾಗ ಸರಿಯುವ ಓಮ್ನಿ ಚಕ್ರ ಹಾಕಿದ ಮೇಲೆ ಕುಪ್ಪಳಿಸುವುದು ನಿಂತಿತು.

ನೀವು ಮಾಡಲೇಬೇಕಾದ್ದು ಒಂದು. ಕೈ, ಸೆನ್ಸರ್ ಮಾಡುವ ಮೊದಲೇ ಚೌಕಟ್ಟಿನ ಮೇಲೆ ಅಂದಾಜು ತೂಕದಷ್ಟು ಮರಳಿನ ಚೀಲ ಕಟ್ಟಿ, ಸ್ಪರ್ಧೆಯಲ್ಲಿ ಹಾಸುವಂಥದ್ದೇ ಮ್ಯಾಟ್ ಮೇಲೆ ಹತ್ತು ನಿಮಿಷ ನಿಂತಲ್ಲೇ ತಿರುಗಿಸಿ. ತಿರುಗುವಾಗ ಒಂದೊಂದು ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಅಳೆಯಿರಿ, ಆಮೇಲೆ ಡ್ರೈವರ್ ಕೊಳ್ಳಿ. ವೈರಿನ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತಂದರೆ ಡಿಸಿ ಕರೆಂಟ್ ತೋರಿಸುವುದನ್ನೇ ಕೇಳಿ ತನ್ನಿ, ಮನೆ ವೈರಿಂಗ್ ಮಾಡುವವರ ಹತ್ತಿರ ಇರುವ ಎಷ್ಟೋ ಮೀಟರ್‌ಗಳು ಎಸಿ ಮಾತ್ರ ಓದುತ್ತವೆ, ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ.