ಪೇಮೆಂಟ್ ಲಿಂಕ್‌ನಲ್ಲಿ ಆ ಒಂದು ಟಿಕ್ ಹಾಕಬೇಡಿ: ನನಗಾದದ್ದು ನಿಮಗಾಗದಿರಲಿ

ಮೈಸೂರಿನ ಒಬ್ಬ ಹಿರಿಯ ಅಮ್ಮ ನನಗೆ ಕಟ್ಟಿದ್ದು 28,660 ರೂಪಾಯಿ 80 ಪೈಸೆ. ನಾನು ಅವರಿಗೆ ವಾಪಸ್ ಹಾಕಿದ್ದು 28,000. ನಡುವಿನ 660 ರೂಪಾಯಿ 80 ಪೈಸೆ ನನ್ನ ಹತ್ತಿರವೂ ಇರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. ಆದರೆ ಮೋಸ ಮಾಡಿದವಳು ಅನಿಸಿಕೊಂಡಿದ್ದು ನಾನು. ಅದು ಹೇಗಾಯಿತು ಅಂತ ಬಿಡಿಸಿ ಬರೆಯುತ್ತಿದ್ದೇನೆ. ವಾಟ್ಸಾಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಸೀರೆ, ರೊಟ್ಟಿ, ಚಟ್ನಿಪುಡಿ, ಕೌದಿ ಮಾರುವ ಹೆಣ್ಣುಮಕ್ಕಳು ಈಗ ಬಹಳ ಜನ ಇದ್ದೀರಿ. ದಯವಿಟ್ಟು ಪೂರ್ತಿ ಓದಿ.

ನಾನು ಹುಬ್ಬಳ್ಳಿಯವಳು. ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ಮಾರುತ್ತೇನೆ. ಅಂಗಡಿ ಇಲ್ಲ. ಮನೆಯಲ್ಲಿ ಒಂದು ಕಪಾಟು, ಕೈಯಲ್ಲಿ ಒಂದು ಫೋನು. ನೇಕಾರರ ಮನೆಗೇ ಹೋಗಿ ತರುತ್ತೇನೆ. ರಾಜ್ಯದ ಒಳಗಷ್ಟೇ ಕಳಿಸುತ್ತೇನೆ. ಜಿಎಸ್‌ಟಿ ನೋಂದಣಿ ಬೇಕಾಗುವಷ್ಟು ದೊಡ್ಡ ವ್ಯಾಪಾರ ಅಲ್ಲ. ಮೊದಲೆಲ್ಲ ಯುಪಿಐ ನಂಬರ್ ಕೊಡುತ್ತಿದ್ದೆ. ದುಡ್ಡು ಬರುತ್ತಿತ್ತು, ಪಾರ್ಸೆಲ್ ಹೋಗುತ್ತಿತ್ತು. ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ಬೆಂಗಳೂರು, ಮೈಸೂರು ಕಡೆಯ ಗಿರಾಕಿಗಳು "ಕ್ರೆಡಿಟ್ ಕಾರ್ಡ್ ತಗೋತೀರಾ?" ಅಂತ ಕೇಳೋಕೆ ಶುರು ಮಾಡಿದರು. ಅದೇ ಹೊತ್ತಿಗೆ ಒಂದು ಪೇಮೆಂಟ್ ಕಂಪನಿಯ ಹುಡುಗ ಫೋನ್ ಮಾಡಿದ. ತಿಂಗಳ ಬಾಡಿಗೆ ಇಲ್ಲ, ಸೇರೋಕೆ ಶುಲ್ಕ ಇಲ್ಲ, ಲಿಂಕ್ ಕಳಿಸಿದರೆ ಸಾಕು ಅಂದ. ಪ್ರತಿ ಪೇಮೆಂಟಿಗೆ 2%, ಅದರ ಮೇಲೆ 18% ಜಿಎಸ್‌ಟಿ. ಅಂದರೆ ನೂರಕ್ಕೆ 2 ರೂಪಾಯಿ 36 ಪೈಸೆ.

ನಾನು ಹಿಂದೆ ಮುಂದೆ ನೋಡಿದೆ. ಅವನು ತಕ್ಷಣ ಹೇಳಿದ, "ಮೇಡಂ, ಅದನ್ನ ನೀವ್ಯಾಕೆ ಕೊಡ್ತೀರಾ? ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿಬಿಡಿ. ಚಾರ್ಜ್ ಕಸ್ಟಮರ್ ಮೇಲೆ ಹೋಗುತ್ತೆ. ನಿಮ್ಮ ದುಡ್ಡು ನಿಮಗೆ ಪೂರ್ತಿ ಬರುತ್ತೆ."

ನನಗೆ ಅದು ನ್ಯಾಯವಾಗಿಯೇ ಕಂಡಿತು. ಕಾರ್ಡ್ ಉಜ್ಜುವವರಿಗೆ ಪಾಯಿಂಟ್ ಸಿಗುತ್ತದೆ. ಬಿಲ್ ಕಟ್ಟೋಕೆ ಒಂದು ತಿಂಗಳ ಮೇಲೆ ಸಮಯ ಸಿಗುತ್ತದೆ. ಆ ಅನುಕೂಲದ ಖರ್ಚು ನಾನ್ಯಾಕೆ ಹೊರಬೇಕು? ಟಿಕ್ ಹಾಕಿದೆ.

ಮೈಸೂರಿನ ಆರ್ಡರ್ ಬಂದಿದ್ದು ಅದಾದ ಎರಡು ತಿಂಗಳಿಗೆ. ಆ ಅಮ್ಮನ ತವರು ನಮ್ಮ ಕಡೆಯದು. ಮಗಳ ಮದುವೆಯಲ್ಲಿ ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬಲು ಗುಳೇದಗುಡ್ಡದ ಖಣವೇ ಬೇಕು ಅಂತ ಅವರ ಆಸೆ. 80 ಖಣ, ಒಂದಕ್ಕೆ 350. ಒಟ್ಟು 28,000. ನಾನು ಅಷ್ಟು ದೊಡ್ಡ ಆರ್ಡರ್ ಅಲ್ಲಿಯವರೆಗೆ ಕಂಡಿರಲಿಲ್ಲ. ಲಿಂಕ್ ಕಳಿಸಿದೆ. ಅವರ ಮಗ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ. ಕಂಪನಿಯ ಪುಟದಲ್ಲಿ ಹೀಗೆ ತೋರಿಸಿತು: ಮೊತ್ತ 28,660.80, ಫೀ 560, ತೆರಿಗೆ 100.80, ನಿಮಗೆ 28,000. ಎರಡು ದಿನಕ್ಕೆ 28,000 ನನ್ನ ಖಾತೆಗೆ ಬಂತು. ಅದರಲ್ಲಿ ಹೆಚ್ಚಿನ ಪಾಲು ಅವತ್ತೇ ನೇಕಾರರಿಗೆ ಕಳಿಸಿದೆ.

ಒಂಬತ್ತನೇ ದಿನ ಅಮ್ಮನ ಫೋನು. ಮದುವೆ ಹುಡುಗನ ಅಜ್ಜ ತೀರಿಕೊಂಡಿದ್ದಾರೆ, ಮದುವೆ ಮುಂದಕ್ಕೆ ಹೋಗಿದೆ, ಯಾವಾಗ ಅಂತ ಗೊತ್ತಿಲ್ಲ. "ದುಡ್ಡು ವಾಪಸ್ ಹಾಕಿಬಿಡಮ್ಮಾ, ಮುಂದೆ ನಿನ್ನ ಹತ್ತಿರವೇ ತಗೋತೀನಿ" ಅಂದರು. ಪಾರ್ಸೆಲ್ ಇನ್ನೂ ಹೋಗಿರಲಿಲ್ಲ. ಸೂತಕದ ಮನೆಯವರ ಹತ್ತಿರ ಚೌಕಾಸಿ ಮಾಡೋಕಾಗುತ್ತಾ? "ಪೂರ್ತಿ ಹಾಕ್ತೀನಿ, ನೀವೇನೂ ಚಿಂತೆ ಮಾಡಬೇಡಿ" ಅಂತ ಮಾತು ಕೊಟ್ಟೆ.

ರಿಫಂಡ್ ಒತ್ತಿದಾಗ ಮೊದಲ ಪೆಟ್ಟು. ರಿಫಂಡ್ ದುಡ್ಡು ಹೋಗುವುದು ನನ್ನ ಬ್ಯಾಂಕಿನಿಂದ ಅಲ್ಲ, ಕಂಪನಿಯ ಹತ್ತಿರ ಉಳಿದಿರುವ ನನ್ನ ದುಡ್ಡಿನಿಂದ. ಅಲ್ಲಿದ್ದಿದ್ದು ಬರೀ 6,000 ಚಿಲ್ಲರೆ. ರಿಫಂಡ್ ಪೆಂಡಿಂಗ್ ಅಂತ ನಿಂತಿತು. ಸಾಲ ತಂದು ಆ ಖಾತೆಗೆ ದುಡ್ಡು ತುಂಬೋಕೆ ನಾಲ್ಕು ದಿನ ಹಿಡಿಯಿತು. ಅಲ್ಲಿಂದ ಕಾರ್ಡಿಗೆ ಸೇರೋಕೆ ಮತ್ತೆ ಐದಾರು ದಿನ. ಅಷ್ಟರಲ್ಲಿ ಅವರ ಮಗ ಮೂರು ಸಲ ಮೆಸೇಜ್ ಮಾಡಿದ್ದ. ಮೂರನೆಯದರಲ್ಲಿ ನಮಸ್ಕಾರವೂ ಇರಲಿಲ್ಲ.

ಕೊನೆಗೆ ದುಡ್ಡು ಹೋಯಿತು. ಸಂಜೆ ಅಮ್ಮ ಫೋನ್ ಮಾಡಿದರು. "ಏನಮ್ಮಾ, ಪೂರ್ತಿ ಹಾಕ್ತೀನಿ ಅಂದಿದ್ದೆ. ಮಿಕ್ಕಿದ್ದು 660 ರೂಪಾಯಿ ಎಲ್ಲಮ್ಮಾ?"

ನನಗೆ ಅರ್ಥವೇ ಆಗಲಿಲ್ಲ. ನನ್ನ ತಲೆಯಲ್ಲಿ ಪೂರ್ತಿ ಅಂದರೆ 28,000. ಅವರ ಕಾರ್ಡಿನ ಬಿಲ್ಲಿನಲ್ಲಿ ಪೂರ್ತಿ ಅಂದರೆ 28,660.80. ಆ ಹೆಚ್ಚಿನ ದುಡ್ಡು ನಾನು ಕಣ್ಣಲ್ಲೂ ಕಂಡಿರಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ಪೇಮೆಂಟ್ ನಡೆದಾಗಲೇ ತಮ್ಮ ಕೆಲಸ ಮುಗಿದಿದೆ, ರಿಫಂಡ್ ಆದರೂ ಫೀ ವಾಪಸ್ ಬರೋದಿಲ್ಲ, ನಿಯಮದ ಪುಟದಲ್ಲಿ ಬರೆದಿದೆ ಅಂದರು. ಹೋಗಿ ನೋಡಿದೆ. ಬರೆದಿತ್ತು. ಆ ಹುಡುಗ ಟಿಕ್ ಹಾಕಿಸುವಾಗ ಇದೊಂದು ಮಾತು ಹೇಳಿರಲಿಲ್ಲ.

660 ರೂಪಾಯಿ 80 ಪೈಸೆಯನ್ನು ನನ್ನ ಕೈಯಿಂದ ಯುಪಿಐನಲ್ಲಿ ಕಳಿಸಿದೆ. ಆ ಆರ್ಡರಿನಲ್ಲಿ ಒಂದು ಖಣಕ್ಕೆ ನನಗೆ ಉಳಿಯಬೇಕಿದ್ದಿದ್ದು 60 ರೂಪಾಯಿ. 80 ಖಣಕ್ಕೆ 4,800. ಅದರ ಏಳನೇ ಒಂದು ಪಾಲಿನಷ್ಟು ಮಾರಾಟವೇ ಆಗದ ವ್ಯಾಪಾರಕ್ಕೆ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಅಮ್ಮ ಆಮೇಲೆ ಕಳಿಸಿದ ಒಂದು ಸಾಲು: "ಕೇಳದಿದ್ದರೆ ಕೊಡ್ತಿರಲಿಲ್ಲ ಅಲ್ವಾ?"

ಆ ಸಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಅವತ್ತು ರಾತ್ರಿ ಕೂತು ಎರಡು ತಿಂಗಳ ಪಟ್ಟಿ ಪೂರ್ತಿ ತೆಗೆದೆ. ಅದರಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಹಾವೇರಿಯ ಒಬ್ಬ ಟೀಚರ್ ಎರಡು ಖಣ ತಗೊಂಡಿದ್ದರು, 700 ರೂಪಾಯಿ. ಲಿಂಕ್ ಒತ್ತಿ ಯುಪಿಐನಲ್ಲೇ ಕಟ್ಟಿದ್ದರು. ಅವರಿಂದ ಹೋಗಿದ್ದು 716 ರೂಪಾಯಿ 52 ಪೈಸೆ. ಅವರು ಅವತ್ತೇ ಕೇಳಿದ್ದರು, "ಅಕ್ಕಾರ, ಯುಪಿಐಗೆ ಚಾರ್ಜ್ ಇರೂದಿಲ್ಲಲ್ರಿ?" ನಾನು ಅದನ್ನು ಓದಿ, ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗಿದ್ದೆ. ಕಾರ್ಡಿನವರ ಖರ್ಚು ಕಾರ್ಡಿನವರೇ ಕೊಡಲಿ ಅಂತ ಹಾಕಿದ ಟಿಕ್, ಪಾಯಿಂಟೂ ಇಲ್ಲದ, ಸಾಲದ ಸಮಯವೂ ಇಲ್ಲದ ಯುಪಿಐನವರ ಹತ್ತಿರವೂ ಅಷ್ಟೇ ದುಡ್ಡು ಕೀಳುತ್ತಿತ್ತು.

ಟೀಚರ್ ಹೇಳಿದ್ದು ಸರಿ. 2020ರ ಜನವರಿ 1ರಿಂದ ಯುಪಿಐಗೆ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಸೊನ್ನೆ. ಎಂಡಿಆರ್ ಅಂದರೆ ಬ್ಯಾಂಕುಗಳು ಮಾರುವವರ ದುಡ್ಡಿನಲ್ಲಿ ಮುರಿದುಕೊಳ್ಳುವ ಪಾಲು. ಹಾಗಾದರೆ ನನ್ನ ಕಂಪನಿ 2% ಹೇಗೆ ತಗೊಂಡಿತು? ಅವರ ಪ್ರಕಾರ ಅದು ಎಂಡಿಆರ್ ಅಲ್ಲ, ಪ್ಲಾಟ್‌ಫಾರ್ಮ್ ಫೀ. ಲಿಂಕ್ ಕೊಡೋಕೆ, ಲೆಕ್ಕ ಇಡೋಕೆ ಅವರ ಕೂಲಿ. ಬ್ಯಾಂಕಿನ ಕ್ಯೂಆರ್ ಕೋಡ್‌ಗೆ ನೇರ ಕಟ್ಟಿಸಿಕೊಂಡಿದ್ದರೆ ಆ 16 ರೂಪಾಯಿ 52 ಪೈಸೆ ಟೀಚರ್ ಹತ್ತಿರವೇ ಉಳಿಯುತ್ತಿತ್ತು.

ಇನ್ನೊಂದು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಪೇಮೆಂಟ್ ಕಂಪನಿಗಳಿಗೆ ಕೊಟ್ಟ ನಿಯಮದಲ್ಲಿ, ಕನ್ವೀನಿಯನ್ಸ್ ಫೀ ತರದ ಹೆಚ್ಚಿನ ಚಾರ್ಜ್ ಏನಿದ್ದರೂ ಮೊದಲೇ ಕಾಣುವಂತೆ ತೋರಿಸಬೇಕು ಅಂತ ಇತ್ತು. ನಾನು ನನ್ನ ಲಿಂಕನ್ನೇ ಒತ್ತಿ ನೋಡಿದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 700. ಹೆಚ್ಚಿನ ದುಡ್ಡು ಕಾಣೋದು ಎಲ್ಲಾ ತುಂಬಿದ ಮೇಲೆ, ಕೊನೆಯ ಬಟನ್ ಮೇಲೆ. ಎಷ್ಟು ಜನ ಆ ಬಟನ್ ಮೇಲಿನ ಅಂಕಿ ಓದುತ್ತಾರೆ? ನಾನಂತೂ ಓದಿದವಳಲ್ಲ.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ. ಈ ಚಾರ್ಜ್ ಮಾರುವವರೇ ಹೊರಬೇಕು. ಕಂಪನಿ ಜೊತೆ ಒಪ್ಪಂದ ಮಾಡಿಕೊಂಡವಳು ನಾನು. ದರ ಗೊತ್ತಿರೋದು ನನಗೆ. ಬೇರೆ ಕಂಪನಿ ನೋಡುವ, ದರ ಇಳಿಸಿ ಅಂತ ಕೇಳುವ ದಾರಿ ಇರೋದೂ ನನಗೆ. ಗಿರಾಕಿ ಆ ಮಾತುಕತೆಯಲ್ಲಿ ಇರಲೇ ಇಲ್ಲ. ಬಂದು ಖಣ ನೋಡಿ, 350 ಅಂದರೆ 350 ಕೊಡೋಕೆ ಒಪ್ಪಿದವರು ಅವರು. ಅವರ ಕೈಗೆ ಕೊನೆಯಲ್ಲಿ ಇನ್ನೊಂದು ಚೀಟಿ ಕೊಡೋದು ಸರಿಯಲ್ಲ. ಖರ್ಚು ಇದ್ದರೆ ಬೆಲೆಯಲ್ಲೇ ಸೇರಿಸಿ ಮೊದಲೇ ಹೇಳಬೇಕು. ಕೊರಿಯರ್ ಚೀಲ, ಪೆಟ್ಟಿಗೆ, ಟೇಪಿನ ಖರ್ಚನ್ನು ಬೇರೆ ತೋರಿಸಿ ಕೇಳುತ್ತೇವಾ?

"ಹಾಗಾದರೆ ಯುಪಿಐನವರು ಕಾರ್ಡಿನವರ ಖರ್ಚು ಹೊತ್ತ ಹಾಗಾಯಿತಲ್ಲ" ಅಂತ ನನ್ನ ತಂಗಿ ಕೇಳಿದಳು. ಹೌದು, ಸ್ವಲ್ಪ ಹಾಗಾಗುತ್ತದೆ. ಅದಕ್ಕೇ ನಾನು ಲಿಂಕನ್ನು ಹಿಂದಕ್ಕೆ ಸರಿಸಿ ಬ್ಯಾಂಕಿನ ಕ್ಯೂಆರ್ ಅನ್ನೇ ಮುಂದಿಟ್ಟಿದ್ದೇನೆ. ಕಾರ್ಡೇ ಬೇಕು ಅಂದವರಿಗೆ ಮಾತ್ರ ಲಿಂಕ್. ಹಾಗೆ ಮಾಡಿದ ಮೇಲೆ ಹತ್ತರಲ್ಲಿ ಒಬ್ಬರೋ ಇಬ್ಬರೋ ಕಾರ್ಡ್ ಕೇಳುತ್ತಾರೆ. ಅಷ್ಟು ಖರ್ಚು ನನ್ನ ಬೆಲೆಯಲ್ಲೇ ನಡೆಯುತ್ತದೆ. ಮದುವೆ ಆರ್ಡರ್ ತರದ ದೊಡ್ಡ ಮೊತ್ತಕ್ಕೆ ನೆಫ್ಟ್ ಮಾಡಿ, ಅಂದರೆ ನಿಮ್ಮ ಬ್ಯಾಂಕಿನಿಂದ ನನ್ನ ಖಾತೆಗೆ ನೇರ ಕಳಿಸಿ ಅನ್ನುತ್ತೇನೆ. ಉಳಿತಾಯ ಖಾತೆಯವರು ಆನ್‌ಲೈನ್‌ನಲ್ಲಿ ನೆಫ್ಟ್ ಮಾಡಿದರೆ 2020ರ ಜನವರಿಯಿಂದ ಬ್ಯಾಂಕ್ ಚಾರ್ಜ್ ಹಾಕುವ ಹಾಗಿಲ್ಲ. ವಾಪಸ್ ಕೊಡೋದಿದ್ದರೂ ನಡುವೆ ಯಾರೂ ಮುರಿದುಕೊಳ್ಳೋದಿಲ್ಲ.

ಕೊಳ್ಳುವವರಿಗೂ ಒಂದು ಮಾತು ಹೇಳಲೇಬೇಕು. ಈ ಗಲಾಟೆ ನಡೆದ ತಿಂಗಳಲ್ಲೇ ನನ್ನ ತಮ್ಮ ಒಂದು ದೊಡ್ಡ ಅಂಗಡಿಯಲ್ಲಿ 32,000ದ ವಾಷಿಂಗ್ ಮಷಿನ್ ತಗೊಂಡ. ಡೆಬಿಟ್ ಕಾರ್ಡ್ ಕೊಟ್ಟರೆ "ಸ್ವೈಪ್‌ಗೆ 2% ಜಾಸ್ತಿ" ಅಂತ 640 ರೂಪಾಯಿ ಸೇರಿಸಿ ಉಜ್ಜಿದರು. ಬಿಲ್ ನೋಡಿದರೆ 32,000 ಮಾತ್ರ. 640ರ ಸುದ್ದಿಯೇ ಇಲ್ಲ. ನಾಳೆ ಮಷಿನ್ ವಾಪಸ್ ಕೊಟ್ಟರೆ ಯಾವ ದಾಖಲೆ ತೋರಿಸಿ ಕೇಳೋದು? ಅವನ ಕಾರ್ಡ್ ತಗೊಂಡು ನೋಡಿದೆ. ಮೂಲೆಯಲ್ಲಿ ರುಪೇ ಅಂತ ಇತ್ತು. ಅಂದರೆ ಅಂಗಡಿಯವರಿಗೆ ಬೀಳುವ ಎಂಡಿಆರ್ ಸೊನ್ನೆ. ಆ 640 ಪೂರ್ತಿ ಅವರಿಗೇ ಉಳಿಯಿತು.

ಬೇರೆ ಡೆಬಿಟ್ ಕಾರ್ಡ್ ಆಗಿದ್ದರೂ 2% ಇಲ್ಲ. 2018ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ವರ್ಷದ ವಹಿವಾಟು 20 ಲಕ್ಷದೊಳಗಿನ ಅಂಗಡಿಗೆ ಹೆಚ್ಚೆಂದರೆ 0.40%, ಅದೂ ಒಂದು ಸಲಕ್ಕೆ 200 ರೂಪಾಯಿ ಮೀರದಂತೆ. ದೊಡ್ಡ ಅಂಗಡಿಗೆ 0.90%, 1,000 ಮೀರದಂತೆ. 32,000ಕ್ಕೆ 288 ರೂಪಾಯಿ ಆಯಿತು. ಅದನ್ನೂ ಗ್ರಾಹಕರ ಮೇಲೆ ಹಾಕದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕು ಅಂತ ಅದೇ ಆದೇಶದಲ್ಲಿದೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ. ಅಂಗಡಿಯವರು ಆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 2% ಅಂದುಬಿಡುತ್ತಾರೆ.

ನಾನು ತಮ್ಮನ ಜೊತೆ ವಾಪಸ್ ಹೋಗಿ, "ಈ 640 ಬಿಲ್ಲಿನಲ್ಲಿ ಬರೆದುಕೊಡಿ" ಅಂತ ಅಷ್ಟೇ ಕೇಳಿದೆ. ಜಗಳ ಮಾಡಲಿಲ್ಲ. ಮ್ಯಾನೇಜರ್ ಕಾರ್ಡಿನ ಚೀಟಿ ನೋಡಿದರು, ಬಿಲ್ ನೋಡಿದರು, ಗಲ್ಲಾದಿಂದ 640 ತೆಗೆದು ಕೊಟ್ಟರು. ಕೊಡದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬೇಕು ಅಂತಿದ್ದೆ. ಆ ನಂಬರ್ ನೀವೂ ಇಟ್ಟುಕೊಳ್ಳಿ. ಬಿಲ್ ಮತ್ತು ಸ್ವೈಪ್ ಚೀಟಿ ಎರಡರ ಫೋಟೋ ಅಲ್ಲೇ ನಿಂತು ತೆಗೆದುಕೊಳ್ಳಿ. ಸ್ವೈಪ್ ಚೀಟಿ ಕೆಲವು ತಿಂಗಳಲ್ಲೇ ಬೆಳ್ಳಗಾಗಿಬಿಡುತ್ತದೆ.

ಮಾರುವವರು ಇವತ್ತೇ ನಿಮ್ಮ ಸೆಟ್ಟಿಂಗ್ ತೆಗೆದು ಫೀ ಯಾರ ಮೇಲೆ ಬೀಳುತ್ತಿದೆ ನೋಡಿ. ಗಿರಾಕಿ ಮೇಲೆ ಇದ್ದರೆ ಕಳೆದ ಎರಡು ಮೂರು ತಿಂಗಳ ರಿಫಂಡ್‌ಗಳನ್ನೂ ಒಮ್ಮೆ ನೋಡಿ. ಯಾರಿಗೆ ಎಷ್ಟು ಕಡಿಮೆ ಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನನ್ನ ಪಟ್ಟಿಯಲ್ಲಿ ಮೈಸೂರಿನ ಅಮ್ಮನನ್ನು ಬಿಟ್ಟು ಇನ್ನೂ ನಾಲ್ಕು ಜನ ಇದ್ದರು. 8 ರೂಪಾಯಿ, 16 ರೂಪಾಯಿ, ಹೀಗೆ. ನಾಲ್ವರಿಗೂ ಕಾರಣ ಬರೆದು ದುಡ್ಡು ಕಳಿಸಿದೆ. ಹಾವೇರಿಯ ಟೀಚರ್‌ಗೂ 16 ರೂಪಾಯಿ 52 ಪೈಸೆ ಕಳಿಸಿದೆ. ಅವರು "ಇಷ್ಟಕ್ಕೆಲ್ಲ ಯಾಕ್ರಿ ಅಕ್ಕಾರ" ಅಂತ ಬರೆದು, ಕೆಳಗೇ ಇನ್ನೂ ಮೂರು ಖಣದ ಬಣ್ಣ ಕೇಳಿದರು.

ಮೈಸೂರಿನ ಅಮ್ಮನ ಫೋನ್ ಇನ್ನೂ ಬಂದಿಲ್ಲ. ಅವರಿಗಾಗಿ ನೇಯಿಸಿದ ಖಣಗಳಲ್ಲಿ ಹಸಿರು ಅಂಚಿನವು ಹನ್ನೆರಡು ಕಪಾಟಿನಲ್ಲೇ ಇವೆ. ಈಗ ಪ್ರತಿ ಫೋಟೋದ ಕೆಳಗೆ ಹೀಗೆ ಬರೆಯುತ್ತೇನೆ: "ಬೆಲೆ 355. ನೀವು ಕಟ್ಟೋದು ಇಷ್ಟೇ, ಹೇಗೆ ಕಟ್ಟಿದರೂ. ಪಾರ್ಸೆಲ್ ಹೋಗುವ ಮೊದಲು ಬೇಡ ಅಂದರೆ 355 ಪೂರ್ತಿ ವಾಪಸ್."