ಸೆಕೆಂಡ್ ಹ್ಯಾಂಡ್ 'ಪ್ರೀಮಿಯಂ' ಸ್ಕೋಪ್ ತಗೊಳ್ಳುವವರು ಇದನ್ನು ಓದಿ

ಟೆಕ್ಸಾಸ್‌ನಲ್ಲಿ ಜಿಂಕೆ ಸೀಸನ್ ನವೆಂಬರ್ ಮೊದಲ ಶನಿವಾರ ಶುರು. ಅದಕ್ಕೆ ಮುಂಚೆ ರೈಫಲ್ ಸ್ಕೋಪ್ (ಗುರಿ ಇಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು) ಹುಡುಕುತ್ತಿರುವ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ನನಗೆ 900 ಡಾಲರ್ ಪಂಗನಾಮ ಬಿದ್ದಿದೆ. ಹಾಕಿದವನು ಕನ್ನಡದವನೇ. ಉರಿ ಜಾಸ್ತಿ ಅದಕ್ಕೇ.

ನನ್ನ ಹತ್ತಿರ ಮೊದಲಿಂದ ಇದ್ದದ್ದು 200 ಡಾಲರ್ ಒಳಗಿನ 3-9x40, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ (ಅದೇ 'ಪವರ್'), ಮುಂದಿನ ಗಾಜು 40 ಮಿಲಿಮೀಟರ್ ಅಗಲ ಇರುವ ಸ್ಕೋಪ್. ಹಗಲಲ್ಲಿ ಅದಕ್ಕೆ ಏನೂ ಕೊರತೆ ಇಲ್ಲ. ತೊಂದರೆ ಸಂಜೆ. ಇಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆವರೆಗೆ ಹೊಡೆಯಬಹುದು, ಜಿಂಕೆ ಮರಗಳ ಮರೆಯಿಂದ ಹೊರಗೆ ಬರುವುದೂ ಆಗಲೇ. ಜನ ದುಬಾರಿ ಸ್ಕೋಪಿಗೆ ದುಡ್ಡು ಸುರಿಯುವುದು ಆ ಅರ್ಧ ಗಂಟೆಗೆ. ಗಾಜು, ಗಾಜಿನ ಮೇಲಿನ ಕೋಟಿಂಗ್, ಮುಖ್ಯವಾಗಿ ಇಷ್ಟೇ.

ನನಗೆ ಮಾರಿದ ಈ ಪುಣ್ಯಾತ್ಮನ ಹತ್ತಿರ ಯುರೋಪಿನ ದೊಡ್ಡ ಹೆಸರಿನ 3-12x56 ಇತ್ತು. ಹೊಸದಾದರೆ ಎರಡು ಸಾವಿರ ದಾಟುತ್ತದೆ. "ಊರಿಗೆ ವಾಪಸ್ ಹೋಗ್ತಿದೀನಿ ಸರ್, ಅಲ್ಲಿ ಇದೆಲ್ಲ ಯಾಕೆ, ನಮ್ಮೋರಿಗೇ ಹೋಗ್ಲಿ" ಅಂದ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಬೇಟೆ ಎಲ್ಲಿದೆ, ನಂಬುವ ಮಾತೇ ತಾನೇ? ಮಟಮಟ ಮಧ್ಯಾಹ್ನ, ಪೆಟ್ರೋಲ್ ಬಂಕ್ ಪಾರ್ಕಿಂಗಿನಲ್ಲಿ ತೋರಿಸಿದ. ಆ ಬಿಸಿಲಿಗೆ ಸೋಡಾ ಬಾಟಲಿಯ ತಳವೂ ಚೆನ್ನಾಗೇ ಕಾಣುತ್ತದೆ. ದುಡ್ಡು ಝೆಲ್‌ನಲ್ಲೇ (ಬ್ಯಾಂಕ್ ಖಾತೆಯಿಂದ ಖಾತೆಗೆ ನೇರ ಕಳಿಸುವ ವ್ಯವಸ್ಥೆ) ಬೇಕು ಅಂದ. ಯಾಕೆ ಅಂತ ಈಗ ಗೊತ್ತು. ಕೊಂಡ ಸಾಮಾನು ಕೆಟ್ಟದಾದರೆ ಅಲ್ಲಿ ಯಾರೂ ಕೇಳುವವರಿಲ್ಲ.

ಮೊದಲ ಸಂಜೆಯೇ ಬಣ್ಣ ಬಯಲಾಯಿತು. ಹಳೆಯದು, ಇದು, ಎರಡನ್ನೂ 6 ಪವರ್‌ಗೆ ಇಟ್ಟು ಪಕ್ಕಪಕ್ಕ ನೋಡಿದೆ. 40 ಮಿಲಿಮೀಟರಿನ ಅಗ್ಗದ ಗಾಜಿನಲ್ಲಿ ಬೇಲಿಯ ಮುಳ್ಳುತಂತಿ ಇನ್ನೂ ಕಾಣುತ್ತಿದೆ. 56ರ 'ಪ್ರೀಮಿಯಂ' ಒಳಗೆ ಬರೀ ಬೂದು, ಬೇಲಿ ಕಂಬದ ಅಂಚಿಗೆ ನೇರಳೆ ಗೆರೆ ಬೇರೆ. ಗಾಜು ದೊಡ್ಡದಾದರೆ ಬೆಳಕು ಜಾಸ್ತಿ ಬರಬೇಕು, ಅಲ್ವಾ? ಲೆನ್ಸ್ ಒರೆಸಿ ನೋಡಿದೆ. ಕಣ್ಣು ಉಜ್ಜಿಕೊಂಡು ನೋಡಿದೆ. ಅದೇ ಬೂದು. 900 ಡಾಲರಿನ ಬೂದು. ಜೊತೆಗಿದ್ದ ಗೆಳೆಯ ಇಸಕೊಂಡು ನೋಡಿದ, ಏನೂ ಹೇಳದೆ ವಾಪಸ್ ಕೊಟ್ಟ. ನಕ್ಕುಬಿಟ್ಟಿದ್ದರೆ ವಾಸಿ ಇತ್ತು.

ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಪರೀಕ್ಷೆ ಮಾಡಿದೆ. ಸ್ಕೋಪಿನ ಗುರಿ ಸರಿಸುವ ತಿರುಗಣೆಗಳನ್ನು 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸುತ್ತಾ ಹೊಡೆದೆ. ಕೊನೆಯ ಗುಂಡು ಮೊದಲಿನ ತೂತಿನ ಹತ್ತಿರ ಬೀಳಬೇಕು. ಎರಡು ಇಂಚು ಆಚೆ ಬಿತ್ತು. ಸೀರಿಯಲ್ ನಂಬರನ್ನು ಕಂಪನಿಗೆ ಕಳಿಸಿದೆ. ಅಂಥ ನಂಬರ್ ನಮ್ಮದಲ್ಲ ಅಂದರು.

ಇವನ ಉತ್ತರಗಳನ್ನು ಕೇಳಿ. ಮೊದಲು "ರಿಂಗ್ ಸರಿಯಾಗಿ ಟೈಟ್ ಮಾಡಿದೀರಾ ಸರ್?" (ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ಬಳೆಗಳು). ಆಮೇಲೆ "ಒಂದ್ಸಲ ಕಣ್ಣು ಟೆಸ್ಟ್ ಮಾಡಿಸಿ ಸರ್." ಕಣ್ಣು ಟೆಸ್ಟ್! ನಂಬರಿನ ವಿಷಯ ಎತ್ತಿದ ಮೇಲೆ 'ಸರ್' ಹೋಯಿತು, ಕನ್ನಡವೂ ಹೋಯಿತು. "ಸೋಲ್ಡ್ ಆ್ಯಸ್ ಈಸ್, ಬ್ರೋ." ಬ್ಲಾಕ್.

ದುಬಾರಿಯದು ಬೇಕಿದ್ದರೆ ಅಧಿಕೃತ ಡೀಲರ್ ಹತ್ತಿರ ಹೊಸದೇ ತಗೊಳ್ಳಿ. ಹಳೆಯದಾದರೆ ಮೊದಲು ಸೀರಿಯಲ್ ನಂಬರ್, ಆಮೇಲೆ ದುಡ್ಡು. ನೋಡುವುದು ಮುಸ್ಸಂಜೆಯಲ್ಲೇ. ಸಂಜೆ ಆಗಲ್ಲ ಅಂದರೆ ಎದ್ದು ಬನ್ನಿ. ಅಷ್ಟು ದುಡ್ಡಿಲ್ಲದಿದ್ದರೆ 200ರದ್ದೇ ಸಾಕು, ಸಂಜೆ ಪವರ್ 5ಕ್ಕೋ 6ಕ್ಕೋ ಇಳಿಸಿಕೊಳ್ಳಿ. 9ರಲ್ಲೇ ಇಟ್ಟುಕೊಂಡು ಕತ್ತಲೆ ಅಂತ ಬೈಯಬೇಡಿ. 'ನಮ್ಮೋರು' ಅಂತ ಶುರುಮಾಡಿದರೆ ಜೇಬು ಮುಟ್ಟಿ ನೋಡಿಕೊಳ್ಳಿ.

ನಿನ್ನೆ ಬೇರೆ ಹೆಸರಿನಲ್ಲಿ ಅದೇ ಜಾಹೀರಾತು ಮತ್ತೆ ಬಂದಿದೆ. ಅದೇ ಫೋಟೋ, ಅದೇ ಸೀರಿಯಲ್ ನಂಬರ್. ಆ ನಂಬರಿನ ಸ್ಕೋಪ್ ಇರುವುದು ನನ್ನ ಮನೆಯಲ್ಲಿ! ಈ ಸಲ 850 ಡಾಲರ್. ಊರಿಗೆ ವಾಪಸ್ ಹೋಗುತ್ತಿದ್ದಾನಂತೆ.