ಜಾಮ್ ಆದ ಬೋಟ್ ಎಂಜಿನ್: ರಿಪೇರಿ, ಔಟ್‌ಬೋರ್ಡ್, ಗಾಡಿ ಎಂಜಿನ್, ಇಲ್ಲಾ ಹಳೆ ಮರೈನ್ ಡೀಸೆಲ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೆಕೆಂಡ್‌ಹ್ಯಾಂಡ್ ಮರೈನ್ ಡೀಸೆಲ್‌ಗೆ, ಅಂದರೆ ಬೋಟಿಗೆಂದೇ ಮಾಡಿದ ಡೀಸೆಲ್ ಎಂಜಿನ್ನಿಗೆ. ಅದೂ ಗೇರ್‌ಬಾಕ್ಸ್ ಸಮೇತ ಸಿಕ್ಕಿದರೆ ಮಾತ್ರ. ನನ್ನದು ಗಂಗೊಳ್ಳಿಯಲ್ಲಿರುವ 24 ಅಡಿಯ ಹಳೆ ಮರದ ಬೋಟು. ಹಲಗೆ ಗಟ್ಟಿ, ಎಂಜಿನ್ ಜಾಮ್. ಪಂಚಗಂಗಾವಳಿಯಲ್ಲಿ ಓಡಾಡಲು, ಕಡಲು ಶಾಂತ ಇದ್ದಾಗ ಅಳಿವೆ ದಾಟಿ ಗಾಳ ಹಾಕಿ ಬರಲು ತೆಗೆದುಕೊಂಡದ್ದು.

ಇದ್ದ ಎಂಜಿನ್ನನ್ನೇ ಬಿಡಿಸುವ ಆಸೆ ಯಾರಿಗಾದರೂ ಇರುತ್ತದೆ. ಬರೀ ರಿಂಗ್ ಹಿಡಿದಿದ್ದರೆ ಇಂಜೆಕ್ಟರ್ ಬಿಚ್ಚಿ, ಸಿಲಿಂಡರಿಗೆ ಡೀಸೆಲ್ ಮತ್ತು ಪವರ್ ಸ್ಟೇರಿಂಗ್ ಆಯಿಲ್ ಸುರಿದು ಕೆಲವು ದಿನ ಬಿಡಬೇಕು. ಆಮೇಲೆ ಪುಲ್ಲಿ ಬೋಲ್ಟಿಗೆ ಉದ್ದದ ಪಾನಾ ಹಾಕಿ ನಿಧಾನಕ್ಕೆ ಅಲುಗಿಸಿದರೆ ಎಷ್ಟೋ ಸಲ ಬಿಡುತ್ತದೆ. ನನ್ನದರಲ್ಲಿ ಸೈಲೆನ್ಸರ್ ಪೈಪಿನಿಂದ ಉಪ್ಪುನೀರು ಒಳಗೆ ಹೋಗಿತ್ತು. ಚೇಂಬರಿನ, ಅಂದರೆ ಎಂಜಿನ್ ತಳದ ತೊಟ್ಟಿಯ ಆಯಿಲ್ ನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣ. ಹೆಡ್ ಎತ್ತಿದರೆ ಲೈನರಿನಲ್ಲಿ (ಪಿಸ್ಟನ್ ಓಡಾಡುವ ಕೊಳವೆಯಲ್ಲಿ) ಉಗುರು ಸಿಕ್ಕುವಷ್ಟು ಗುಂಡಿ. ಆ ಮಾಡೆಲ್ಲಿನ ಲೈನರ್ ಎಲ್ಲಿ ಕೇಳಿದರೂ ಇಲ್ಲ. ಅದರ ಕತೆ ಅಲ್ಲಿಗೆ ಮುಗಿಯಿತು.

ಹೊಸ ಮರೈನ್ ಡೀಸೆಲ್ ಎಲ್ಲಕ್ಕಿಂತ ಒಳ್ಳೆಯದು. ಬೆಲೆ ನನ್ನ ಬೋಟಿಗಿಂತ ಜಾಸ್ತಿ.

ಭಾವನ 9.9 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹೊರಗೆ ಕಟ್ಟುವ ಎಂಜಿನ್) ತಂದು ಪಕ್ಕಕ್ಕೆ ಕಟ್ಟಿ ನೋಡಿದೆ. ಕೆಟ್ಟರೆ ಬಿಚ್ಚಿಕೊಂಡು ಅಂಗಡಿಗೆ ಒಯ್ಯಬಹುದು, ಅದು ದೊಡ್ಡ ಅನುಕೂಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದ್ದಾಗಲೂ 10 ಎಚ್‌ಪಿ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳು ಹೋಗಬಹುದು. ಹಗುರ ದೋಣಿ ಇದ್ದವರು ಮುಂದಿನದನ್ನು ಓದುವುದೇ ಬೇಡ, ಅದನ್ನೇ ತಗೊಳ್ಳಿ. ನನ್ನ ಭಾರದ ಬೋಟಿಗೆ ಮಾತ್ರ ಸರಿಹೋಗಲಿಲ್ಲ. ಅಳಿವೆಯ ಅಲೆಗೆ ಹಿಂಭಾಗ ಎದ್ದ ಕೂಡಲೇ ಪ್ರೊಪೆಲ್ಲರ್ ನೀರು ಬಿಟ್ಟು ಎಂಜಿನ್ ಕಿರುಚುತ್ತದೆ. ಅಲ್ಲೇ ತಾನೇ ಎಳೆತ ಬೇಕಾದ್ದು?

ಇನ್ನು ಗಾಡಿ ಎಂಜಿನ್. ಗುಜರಿಯಲ್ಲಿ ಸಣ್ಣ ಗೂಡ್ಸ್ ಗಾಡಿಯ ಎರಡು ಸಿಲಿಂಡರ್ ಡೀಸೆಲ್ ಅಗ್ಗಕ್ಕೆ ಸಿಕ್ಕಿತು. ಸ್ಟಾರ್ಟ್ ಮಾಡಿದರೆ ಒಂದೇ ಏಟಿಗೆ ಹಿಡಿಯುವ ಒಳ್ಳೆ ಎಂಜಿನ್. ಸಮಸ್ಯೆ ಎಂಜಿನ್ನಿನದಲ್ಲ, ಅದರ ಹಿಂದಿರುವ ಗೇರ್‌ಬಾಕ್ಸಿನದು.

ಗಾಡಿಯಲ್ಲಿ ಗೇರ್‌ಬಾಕ್ಸಿನ ಕೆಲಸ ತಿರುಗಿಸುವುದಷ್ಟೇ. ಗಾಡಿ ಮುಂದೆ ಹೋಗುವ ತಳ್ಳು ಚಕ್ರದಿಂದ ಆಕ್ಸೆಲ್ಲಿಗೆ, ಅಲ್ಲಿಂದ ಚಾಸಿಗೆ ಹೋಗುತ್ತದೆ. ಬೋಟಿನಲ್ಲಿ ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ಶಾಫ್ಟ್ ಮುಂದಕ್ಕೆ ಒತ್ತುತ್ತದೆ. ಇಡೀ ಬೋಟನ್ನು ನೂಕುವುದು ಆ ಒತ್ತಡವೇ. ಮರೈನ್ ಗೇರ್‌ಬಾಕ್ಸಿನ ಒಳಗೆ ಅದನ್ನು ತಾಳಿಕೊಳ್ಳಲೆಂದೇ ಥ್ರಸ್ಟ್ ಬೇರಿಂಗ್ ಇರುತ್ತದೆ. ಗಾಡಿಯದರಲ್ಲಿ ಇರುವುದಿಲ್ಲ. ಸ್ವಲ್ಪ ಓಡಿಸಿದ ಮೇಲೆ ಕರಕರ ಸದ್ದು ಶುರು. ಬಿಚ್ಚಿದರೆ ಹಿಂದಿನ ಬೇರಿಂಗ್ ಪುಡಿ, ಆಯಿಲ್ ಸೀಲ್ ಹರಿದಿದೆ.

ಶಾಫ್ಟಿಗೆ ಬೇರೆಯೇ ಥ್ರಸ್ಟ್ ಬೇರಿಂಗ್ ಕೂರಿಸಬಹುದು, ಕೂರಿಸಿದೆ ಕೂಡ. ಅದಕ್ಕೊಂದು ಗಟ್ಟಿ ಬುಡ ಬೇಕು, ಮೊದಲಿಗಿಂತ ಒಂದು ಜೋಡಣೆ ಜಾಸ್ತಿ ಆಯಿತು, ಎಲ್ಲವೂ ಒಂದೇ ಗೆರೆಯಲ್ಲಿ ಬರಬೇಕು. ಜೋಡಣೆಯ ಎರಡು ಕಡೆಯ 4 ಇಂಚಿನ ಫ್ಲೇಂಜುಗಳ (ಬೋಲ್ಟ್ ಹಾಕಿ ಕೂಡಿಸುವ ಬಿಲ್ಲೆಗಳ) ನಡುವೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿದರೆ ಮೇಲೆ, ಕೆಳಗೆ, ಎಡ, ಬಲ ಎಲ್ಲೂ 4 ಥೌ (ಇಂಚಿನ ಸಾವಿರದಲ್ಲಿ ನಾಲ್ಕು ಪಾಲು), ಅಂದರೆ ಸುಮಾರು 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ದಡದ ಮೇಲೆ ಸರಿ ಮಾಡಿದ್ದು ನೀರಿಗೆ ಇಳಿಸಿದ ಮೇಲೆ ತಪ್ಪುತ್ತದೆ, ಏಕೆಂದರೆ ಮರದ ಬೋಟು ತೇಲುವಾಗ ಅದರ ಮೈ ಕೊಂಚ ಬಾಗುತ್ತದೆ. ಹಾಗಾಗಿ ಕೊನೆಯ ಹೊಂದಾಣಿಕೆ ನೀರಿನಲ್ಲೇ ಆಗಬೇಕು. ಅದರ ಮೇಲೆ ಚೇಂಬರ್ ಆಳವಾಗಿದ್ದು ತಳದ ಹಲಗೆಗೆ ತಾಗುತ್ತಿತ್ತು. ರೇಡಿಯೇಟರ್ ಬದಲು, ಹೊರಗಿನ ನೀರಿನಿಂದ ಎಂಜಿನ್ ತಂಪು ಮಾಡುವ ಹೀಟ್ ಎಕ್ಸ್‌ಚೇಂಜರ್ ಬೇಕಾಯಿತು. ಲೇತ್ ಅಂಗಡಿಯ ಬಿಲ್ಲು ಎಂಜಿನ್ ಬೆಲೆಯನ್ನೇ ದಾಟಿತು.

ಮಲ್ಪೆಯಲ್ಲಿ ಒಡೆಯುತ್ತಿದ್ದ ಬೋಟಿನಿಂದ ತಂದ ಮರೈನ್ ಡೀಸೆಲ್ ಹಳೆಯದೇ, ಸದ್ದು ಜಾಸ್ತಿ, ಹೊಗೆಯೂ ಇದೆ. ಆದರೆ ಗೇರ್‌ಬಾಕ್ಸ್, ಕೂಲಿಂಗ್ ಪಂಪ್ ಎಲ್ಲಾ ಅದರ ಜೊತೆಗೇ ಬಂತು. ಬುಡದ ಮರ ಸ್ವಲ್ಪ ಕೆತ್ತಿದ್ದು ಬಿಟ್ಟರೆ ಹೊಸದಾಗಿ ಏನೂ ಮಾಡಿಸಲಿಲ್ಲ. ನಿಧಾನಕ್ಕೆ ಓಡಿಸುವವನು ನಾನು, ವೇಗದ ಹುಚ್ಚಿಲ್ಲ. ಖರ್ಚು ಹೊಸದರ ಮೂರರಲ್ಲಿ ಒಂದು ಪಾಲೂ ಆಗಲಿಲ್ಲ.

ಕೊಳ್ಳುವ ಮುಂಚೆ ಡೀಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವ ಹಿಡಿ) ಎತ್ತಿ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ನೋಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಬಣ್ಣ ನೋಡಿ. ಗೇರ್‌ಬಾಕ್ಸ್ ಬೇರೆ ಕೊಡುತ್ತೇನೆ ಅಂದರೆ ವಾಪಸ್ ಬನ್ನಿ.